‘ಸುಮ್ಮನೆ ಕೂರಿಸಿಕೊಂಡಿದ್ದೇವೆ’: ಬಂಧನ ಮತ್ತು ಅದರ ಮಿತಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಫಿ ಕೊಯ್ಲು ಶುರುವಾಯಿತೆಂದರೆ ನನ್ನ ಮೊಬೈಲಿಗೆ ಹೊತ್ತಲ್ಲದ ಹೊತ್ತಿನಲ್ಲಿ ಕರೆ ಬರುತ್ತವೆ. ಯಾರದೋ ಕಣದಿಂದ ಮೂಟೆ ಕಳುವಾಗಿರುತ್ತದೆ, ಅನುಮಾನದ ಮೇಲೆ ಇನ್ಯಾರನ್ನೋ ಜೀಪಿಗೆ ಹತ್ತಿಸಿರುತ್ತಾರೆ, ಮನೆಯವರಿಗೆ ದಿಕ್ಕು ತೋಚಿರುವುದಿಲ್ಲ. ಚಿಕ್ಕಮಗಳೂರಿನಲ್ಲಿ ವಕೀಲಿ ಮಾಡುತ್ತ, ಹಾಸನದ ಕೋರ್ಟಿಗೂ ಆಗಾಗ ಓಡಾಡುತ್ತ ನಾನು ಮತ್ತೆ ಮತ್ತೆ ಕೇಳಿಸಿಕೊಂಡ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಹೆಸರು ಉದ್ದವಾದ್ದರಿಂದ ಕೋರ್ಟಿನಲ್ಲಿ ಎಲ್ಲರೂ ಬಿಎನ್‌ಎಸ್‌ಎಸ್ ಎನ್ನುತ್ತಾರೆ, ನಾನೂ ಹಾಗೆಯೇ ಬರೆಯುತ್ತೇನೆ. ಕೆಳಗಿರುವ ಕಲಂ ಸಂಖ್ಯೆಗಳು ಹೊಸ ಕಾನೂನಿನವು.

‘ಬಂಧಿಸಿಲ್ಲ, ವಿಚಾರಣೆಗೆ ಕರೆತಂದಿದ್ದೇವೆ ಅಷ್ಟೇ’ ಎನ್ನುತ್ತಾರೆ. ಹಾಗಾದರೆ ಇದು ಬಂಧನ ಅಲ್ಲವೇ?

ಎದ್ದು ಹೊರಗೆ ಹೋಗಲು ಬಿಡುತ್ತಾರೆಯೇ? ಬಿಡುವುದಾದರೆ ಬಂಧನವಲ್ಲ. ಬಿಡುವುದಿಲ್ಲವಾದರೆ ಅವರು ಅದನ್ನು ಏನೆಂದು ಕರೆದರೂ ಅದು ವಶದಲ್ಲಿಟ್ಟುಕೊಂಡಂತೆಯೇ. ನಮ್ಮ ಕಾನೂನಿನಲ್ಲಿ ‘ಸುಮ್ಮನೆ ಕೂರಿಸಿಕೊಳ್ಳುವುದು’ ಎಂಬ ಮೂರನೆಯ ಸ್ಥಿತಿ ಇಲ್ಲ. ಬೆಂಚಿನ ಮೇಲೆ ಕೂರಿಸಿದರೂ, ರೈಟರ್ ಮೇಜಿನ ಪಕ್ಕದಲ್ಲಿ ನಿಲ್ಲಿಸಿದರೂ, ಲಾಕಪ್ಪಿನ ಬಾಗಿಲು ತೆರೆದೇ ಇಟ್ಟಿದ್ದರೂ ವ್ಯತ್ಯಾಸವಿಲ್ಲ.

1994ರ ಜೋಗಿಂದರ್ ಕುಮಾರ್ ಪ್ರಕರಣ ಇಂಥದ್ದೇ. ಉತ್ತರ ಪ್ರದೇಶದ ಯುವ ವಕೀಲರೊಬ್ಬರನ್ನು ವಿಚಾರಣೆಗೆಂದು ಕರೆದೊಯ್ದು ಐದು ದಿನ ಇಟ್ಟುಕೊಂಡಿದ್ದರು. ಬಂಧಿಸುವ ಅಧಿಕಾರ ಇರುವುದು ಬೇರೆ, ಬಂಧಿಸಲು ಕಾರಣ ಇರುವುದು ಬೇರೆ ಎಂದು ಸುಪ್ರೀಂ ಕೋರ್ಟ್ ಆಗಲೇ ಹೇಳಿತು. ವಕೀಲನಿಗೇ ಹೀಗಾದರೆ ಉಳಿದವರ ಗತಿಯೇನು ಎಂದು ನೀವು ಕೇಳಬಹುದು. ನಾನೂ ಅದನ್ನೇ ಕೇಳುತ್ತೇನೆ.

24 ಗಂಟೆ ಎನ್ನುತ್ತಾರಲ್ಲ, ಲೆಕ್ಕ ಎಲ್ಲಿಂದ ಶುರು? ನಡುವೆ ಭಾನುವಾರ ಬಂದರೆ?

ಸಂವಿಧಾನದ 22ನೇ ವಿಧಿ ಮತ್ತು ಬಿಎನ್‌ಎಸ್‌ಎಸ್ 58ನೇ ಕಲಂ ಹೇಳುವುದು ಒಂದೇ: ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಬಂಧಿಸಿದ ಜಾಗದಿಂದ ಕೋರ್ಟಿಗೆ ಬರುವ ಪ್ರಯಾಣದ ಹೊತ್ತನ್ನು ಮಾತ್ರ ಕಳೆಯಬಹುದು. ಕಳಸದಿಂದ ಮಳೆಗಾಲದಲ್ಲಿ ಬರುವುದು ತಡವಾಗುತ್ತದೆ, ಒಪ್ಪೋಣ. ಆದರೆ ಘಾಟಿ ರಸ್ತೆ ಎಷ್ಟೇ ಕೆಟ್ಟಿದ್ದರೂ ಎರಡು ದಿನ ಹಿಡಿಯುವುದಿಲ್ಲ. ಭಾನುವಾರ, ಹಬ್ಬ, ಎರಡನೇ ಶನಿವಾರ ಯಾವುದೂ ಲೆಕ್ಕಕ್ಕಿಲ್ಲ. ರಜೆಯ ದಿನ ಮ್ಯಾಜಿಸ್ಟ್ರೇಟರ ಮನೆಗೇ ಕರೆದೊಯ್ದು ಹಾಜರುಪಡಿಸುತ್ತಾರೆ.

ತಕರಾರು ಬರುವುದು ಶುರುವಿನ ಹೊತ್ತಿನಲ್ಲಿ. ಸೋಮವಾರ ಸಂಜೆ ಕರೆತಂದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ‘ದಸ್ತಗಿರಿ’ ಎಂದು ಬರೆದರೆ ಯಾವುದು ನಿಜ? ವ್ಯಕ್ತಿ ಸ್ವಾತಂತ್ರ್ಯ ಕಳೆದುಕೊಂಡ ಗಳಿಗೆಯಿಂದ ಗಡಿಯಾರ ಓಡುತ್ತದೆ, ಕಾಗದದ ಮೇಲಿನ ಗಳಿಗೆಯಿಂದಲ್ಲ ಎಂದು ಹಲವು ಹೈಕೋರ್ಟುಗಳು ಹೇಳಿವೆ. ಹೇಳಿದರೆ ಸಾಲದು, ತೋರಿಸಬೇಕಲ್ಲ.

ಕೆಲವು ವರ್ಷದ ಹಿಂದೆ ಒಬ್ಬ ತಾಯಿ ಟಿಫಿನ್ ಕ್ಯಾರಿಯರ್ ಹಿಡಿದು ನನ್ನ ಕಚೇರಿಯ ಮೆಟ್ಟಿಲ ಮೇಲೆ ಕುಳಿತಿದ್ದರು. ಮಗನಿಗೆಂದು ತಂದ ಅನ್ನ ಹಾಗೆಯೇ ತಣ್ಣಗಾಗಿತ್ತು. ಹಿಂದಿನ ಸಂಜೆಯೇ ಮಗನನ್ನು ತೋಟದ ಕಾರ್ಮಿಕರ ಲೈನ್ ಮನೆಯಿಂದ ಕರೆದೊಯ್ದಿದ್ದರು. ಠಾಣೆಯ ಕಾಗದ ಮಾತ್ರ ಆ ದಿನ ಬೆಳಿಗ್ಗೆಯ ಹೊತ್ತು ಹೇಳುತ್ತಿತ್ತು. ಹೊತ್ತಿನ ಕಾಲಂ ಮಾತ್ರ ಬೇರೆ ಶಾಯಿಯಲ್ಲಿತ್ತು. ‘ಅಮ್ಮ, ನಿನ್ನೆ ನೀವು ಠಾಣೆಗೆ ಹೋಗಿದ್ದಕ್ಕೆ ಏನಾದರೂ ಗುರುತು ಇದೆಯೇ’ ಎಂದು ಕೇಳಿದೆ. ಆಕೆ ಎಲೆ ಅಡಿಕೆ ಚೀಲದಿಂದ ಮಡಚಿದ ಒಂದು ಬಸ್ ಟಿಕೆಟ್ ತೆಗೆದರು. ಸುಣ್ಣದ ಕಲೆ ಬಿದ್ದಿತ್ತು, ಆದರೆ ದಿನಾಂಕ ಮತ್ತು 7 ಗಂಟೆ 40 ನಿಮಿಷ ಎಂಬುದು ಓದುವಂತಿತ್ತು. ಅದೇ ರಾತ್ರಿ ಠಾಣೆಯ ಹೊರಗೆ ನಿಂತು ತಮ್ಮನಿಗೆ ಮಾಡಿದ ಕರೆಯೂ ಮೊಬೈಲಿನಲ್ಲಿತ್ತು. ಮ್ಯಾಜಿಸ್ಟ್ರೇಟರು ಟಿಕೆಟನ್ನು ಬೆಳಕಿಗೆ ಹಿಡಿದು ನೋಡಿದರು, ಹುಡುಗನನ್ನೇ ನೇರವಾಗಿ ಕೇಳಿದರು, ತನಿಖಾಧಿಕಾರಿಯಿಂದ ವಿವರಣೆ ಕೇಳಿದರು. ಹುಡುಗ ಅಂದೇ ಜಾಮೀನಿನ ಮೇಲೆ ಹೊರಬಂದ. ಅಂದಿನಿಂದ ಯಾರು ಕರೆ ಮಾಡಿದರೂ ನನ್ನ ಮೊದಲ ಮಾತು ಇದೇ: ಕರೆದೊಯ್ದ ಹೊತ್ತನ್ನು ಬರೆದಿಡಿ, ಆ ಹೊತ್ತಿನ ಯಾವ ಚೀಟಿಯನ್ನೂ ಬಿಸಾಡಬೇಡಿ.

ಠಾಣೆಯಿಂದ ಫೋನ್ ಮಾಡಿ ‘ಬಂದು ಹೋಗಿ’ ಎಂದರೆ ಹೋಗಲೇಬೇಕೇ?

ನೋಟಿಸ್ ಕೊಡಿ, ಬರುತ್ತೇನೆ ಎಂದು ವಿನಯದಿಂದಲೇ ಹೇಳಬಹುದು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಏಕೆ ಅಗತ್ಯ ಎಂಬುದನ್ನು ಪೊಲೀಸರು ಬರೆದು ದಾಖಲಿಸಬೇಕು. ಅಗತ್ಯವಿಲ್ಲದಿದ್ದರೆ 35ನೇ ಕಲಂನ 3ನೇ ಉಪಕಲಂ ಪ್ರಕಾರ ಹಾಜರಾಗಲು ನೋಟಿಸ್ ಕೊಡಬೇಕು. ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪು ಇದನ್ನು ಗಟ್ಟಿ ಮಾಡಿತು. ನೋಟಿಸ್ ಬಂದ ಮೇಲೆ ಮಾತ್ರ ತಪ್ಪಿಸಿಕೊಳ್ಳಬೇಡಿ. ಹೇಳಿದ ದಿನ ಹಾಜರಾಗುತ್ತಿರುವವರೆಗೆ ಬಂಧಿಸಲು ಮತ್ತೆ ಕಾರಣ ಬರೆಯಬೇಕಾಗುತ್ತದೆ. ಹೋಗದಿದ್ದರೆ ಕಾರಣವನ್ನು ನೀವೇ ಕೈಗೆ ಕೊಟ್ಟಂತೆ.

ಸಾಕ್ಷಿಯಾಗಿ ಕರೆಯುವುದಾದರೆ ಲಿಖಿತ ಆದೇಶ ಬೇಕು. ಹೆಂಗಸರು, 15 ವರ್ಷದೊಳಗಿನವರು, 60 ದಾಟಿದವರು ಠಾಣೆಗೆ ಬರಬೇಕಿಲ್ಲ, ಪೊಲೀಸರೇ ಮನೆಗೆ ಬಂದು ಕೇಳಬೇಕು. ಮಾವನ ಹೇಳಿಕೆ ಬೇಕೆಂದು ಎಪ್ಪತ್ತರ ಮುದುಕರನ್ನು ಎರಡು ಬಸ್ ಬದಲಿಸಿ ಬರಹೇಳುವುದನ್ನು ನಾನು ಇಂದಿಗೂ ನೋಡುತ್ತಿದ್ದೇನೆ.

ಬಂಧಿಸುವಾಗ ನಮ್ಮ ಕೈಗೆ ಏನು ಬರಬೇಕು?

ಮೊದಲನೆಯದು, ಬಂಧನದ ಕಾರಣ. ಯಾವ ಕಲಂ ಎಂದಷ್ಟೇ ಅಲ್ಲ, ನಾನು ಏನು ಮಾಡಿದೆನೆಂದು ನೀವು ಹೇಳುತ್ತೀರಿ ಎಂಬುದಕ್ಕೆ ಉತ್ತರ. ಕಾರಣ ತಿಳಿಸದ ಬಂಧನ ಸಿಂಧುವಲ್ಲ ಎಂದು 2025ರ ಫೆಬ್ರುವರಿಯಲ್ಲಿ ವಿಹಾನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷದ ನವೆಂಬರಿನಲ್ಲಿ ಇನ್ನೂ ಮುಂದೆ ಹೋಗಿ, ಕಾರಣವನ್ನು ಲಿಖಿತವಾಗಿ, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕೆಂದಿತು.

ಎರಡನೆಯದು, ಬಂಧನದ ಮೆಮೊ. ಮನೆಯವರೋ ಊರಿನ ಗಣ್ಯರೋ ಒಬ್ಬರು ಸಾಕ್ಷಿ ಹಾಕಬೇಕು, ಬಂಧಿತರೂ ಸಹಿ ಮಾಡಬೇಕು. ಸಹಿ ಮಾಡುವವರಿಗೆ ನನ್ನ ಕಿವಿಮಾತು: ನಿಮ್ಮ ಸಹಿಯ ಪಕ್ಕ ನೀವೇ ಹೊತ್ತು ಬರೆಯಿರಿ. ಖಾಲಿ ಹಾಳೆಗೆ ಸಹಿ ಬೇಡ. 1996ರ ಡಿ.ಕೆ. ಬಸು ತೀರ್ಪಿನಿಂದ ಬಂದ ನಿಯಮಗಳು ಇವು. ಈಗ ಬಹುಪಾಲು ಕಾನೂನಿನ ಪುಸ್ತಕದೊಳಗೇ ಸೇರಿವೆ. ಬಂಧಿತರು ಹೇಳಿದ ಒಬ್ಬ ಬಂಧುವಿಗೋ ಸ್ನೇಹಿತನಿಗೋ ಸುದ್ದಿ ಮುಟ್ಟಿಸಬೇಕು. ವೈದ್ಯಕೀಯ ತಪಾಸಣೆ ಆಗಬೇಕು. ವಿಚಾರಣೆಯ ನಡುವೆ ವಕೀಲರನ್ನು ಕಾಣಲು ಬಿಡಬೇಕು, ಆದರೆ ವಿಚಾರಣೆ ಮುಗಿಯುವವರೆಗೂ ವಕೀಲರು ಪಕ್ಕದಲ್ಲೇ ಕೂರುವಂತಿಲ್ಲ. ಬಂಧಿತರ ಹೆಸರು ಮತ್ತು ಅಪರಾಧದ ಸ್ವರೂಪವನ್ನು ಠಾಣೆಯಲ್ಲಿ ಕಾಣುವಂತೆ ಹಾಕಬೇಕೆಂದು 37ನೇ ಕಲಂ ಹೇಳುತ್ತದೆ. ಹಾಕಿದ್ದಾರೆಯೇ ಎಂದು ನಿಮ್ಮ ಊರಿನ ಠಾಣೆಯಲ್ಲಿ ಒಮ್ಮೆ ಕಣ್ಣಾಡಿಸಿ.

ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷ್ಯವಾಗುವುದಿಲ್ಲ. ಆದ್ದರಿಂದ ‘ಒಪ್ಪಿಕೊಂಡರೆ ಬಿಟ್ಟುಬಿಡುತ್ತೇವೆ’ ಎಂಬ ಮಾತಿಗೆ ತಲೆದೂಗುವ ಅಗತ್ಯವಿಲ್ಲ.

ಬೇಡಿ ಹಾಕಿ ಪೇಟೆಯಲ್ಲಿ ನಡೆಸಿಕೊಂಡು ಹೋಗಬಹುದೇ?

ಮೆರವಣಿಗೆ ಮಾಡುವ ಹಕ್ಕು ಯಾರಿಗೂ ಇಲ್ಲ. ಹೊಸ ಕಾನೂನು ಕೊಲೆ, ಅತ್ಯಾಚಾರ, ಭಯೋತ್ಪಾದನೆ, ಮಾದಕ ವಸ್ತು ಇಂಥ ಕೆಲವು ಗಂಭೀರ ಅಪರಾಧಗಳಲ್ಲಿ ಮತ್ತು ಪದೇ ಪದೇ ತಪ್ಪು ಮಾಡುವವರಿಗೆ ಬೇಡಿ ಹಾಕಲು ಅವಕಾಶ ಕೊಟ್ಟಿದೆ. ಅದರಾಚೆ ಇಲ್ಲ. ಬೇಡಿ ಹಾಕಿ ಕರೆದೊಯ್ದಿದ್ದ ಒಬ್ಬ ಕಾನೂನು ವಿದ್ಯಾರ್ಥಿಗೆ 2 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ 2022ರಲ್ಲಿ ನಮ್ಮ ಹೈಕೋರ್ಟೇ ಆದೇಶಿಸಿದೆ.

ಹೆಂಗಸರು, ಮಕ್ಕಳು, ವಯಸ್ಸಾದವರಿಗೆ ಬೇರೆ ನಿಯಮ ಇದೆಯೇ?

ಇದೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಂಗಸರನ್ನು ಬಂಧಿಸುವಂತಿಲ್ಲ. ತೀರಾ ಅನಿವಾರ್ಯವಾದರೆ ಮಹಿಳಾ ಅಧಿಕಾರಿ ಲಿಖಿತ ವರದಿ ಕೊಟ್ಟು ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು. 18 ತುಂಬದವರನ್ನು ಲಾಕಪ್ಪಿಗೂ ಜೈಲಿಗೂ ಹಾಕುವಂತಿಲ್ಲ, 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ 60 ದಾಟಿದವರನ್ನೋ ಅಶಕ್ತರನ್ನೋ ಬಂಧಿಸಲು ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಅನುಮತಿ ಬೇಕು. ಬಸ್ ನಿಲ್ದಾಣದಲ್ಲಿ ಅಲೆಯುವ ಮಾನಸಿಕ ಅಸ್ವಸ್ಥರನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಳ್ಳಬಹುದು, ಆದರೆ ಲಾಕಪ್ಪಿಗಲ್ಲ, 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ.

ಹಿಡಿದುಕೊಂಡು ಹೋದವರು ಪೊಲೀಸರಲ್ಲ, ಅರಣ್ಯ ಇಲಾಖೆಯವರು. ಅವರಿಗೂ ಇದೇ ನಿಯಮವೇ?

ಇದೇ ನಿಯಮ. ಮಲೆನಾಡಿನಲ್ಲಿ ಈ ಪ್ರಶ್ನೆ ಠಾಣೆಯ ಪ್ರಶ್ನೆಯಷ್ಟೇ ಹಳೆಯದು. ಸಂವಿಧಾನದ 22ನೇ ವಿಧಿ ‘ಬಂಧಿಸಲ್ಪಟ್ಟ ಪ್ರತಿಯೊಬ್ಬ ವ್ಯಕ್ತಿ’ ಎನ್ನುತ್ತದೆ, ಬಂಧಿಸಿದವರು ಖಾಕಿ ತೊಟ್ಟಿದ್ದರೋ ಹಸಿರು ತೊಟ್ಟಿದ್ದರೋ ಎಂದು ನೋಡುವುದಿಲ್ಲ. ಅಬಕಾರಿಯವರಿಗೂ ಇದು ಅನ್ವಯ. ವಲಯ ಅರಣ್ಯಾಧಿಕಾರಿಯ ಕಚೇರಿಯ ಉಗ್ರಾಣ ಲಾಕಪ್ ಅಲ್ಲ. ಮರ ಕಡಿದ ಆರೋಪವಿರಲಿ, ಕಾಡುಹಂದಿಗೆ ಉರುಳು ಹಾಕಿದ ಆರೋಪವಿರಲಿ, 24 ಗಂಟೆ ಮೀರಿ ಇಟ್ಟುಕೊಳ್ಳಲು ಮ್ಯಾಜಿಸ್ಟ್ರೇಟರ ಆದೇಶ ಬೇಕೇ ಬೇಕು.

ಆನೆ ಹಾವಳಿ ಖಂಡಿಸಿ ಸಕಲೇಶಪುರದಲ್ಲಿ ರಸ್ತೆ ತಡೆ ಮಾಡಿದ್ದೆವು. ಬಸ್ಸಿಗೆ ತುಂಬಿ ಕರೆದೊಯ್ದು ಸಂಜೆ ಬಿಟ್ಟರು. ಇದು ಸರಿಯೇ?

170ನೇ ಕಲಂ ಅಪರಾಧ ಆಗದಂತೆ ತಡೆಯಲು ಮುಂಚಿತವಾಗಿ ಬಂಧಿಸಲು ಬಿಡುತ್ತದೆ. ಹೊಸದಾಗಿ ಬಂದ 172ನೇ ಕಲಂ, ಪೊಲೀಸರ ಸೂಚನೆ ಪಾಲಿಸದವರನ್ನು ವಶಕ್ಕೆ ತೆಗೆದುಕೊಂಡು ಸಣ್ಣ ಪ್ರಕರಣವಾದರೆ 24 ಗಂಟೆಯೊಳಗೆ ಬಿಡಬೇಕೆನ್ನುತ್ತದೆ. ಆದ್ದರಿಂದ ಕವಾಯತು ಮೈದಾನದಲ್ಲಿ ಕೂರಿಸಿ, ಚಿತ್ರಾನ್ನ ಕೊಟ್ಟು, ಸಂಜೆ ಬಿಡುವುದು ಮಿತಿಯೊಳಗೇ ಬರುತ್ತದೆ. ರಾತ್ರಿ ಕಳೆದು ಮರುದಿನವೂ ಬಿಡದಿದ್ದರೆ ಬರುವುದಿಲ್ಲ.

ಹಬ್ಬ, ಜಯಂತಿಗಳ ಮೊದಲು ತಹಶೀಲ್ದಾರರ ಮುಂದೆ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಬರೆದುಕೊಡದಿದ್ದರೆ ಜೈಲೇ?

ಜೈಲಿಗೆ ಕಳುಹಿಸುವ ಅಧಿಕಾರ ತಹಶೀಲ್ದಾರರಂಥ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಇದೆ, ಆದರೆ ಮೆಟ್ಟಿಲು ಮೆಟ್ಟಿಲಾಗಿ. ಮಾಹಿತಿ ಏನೆಂದು ಬರೆದು ಆದೇಶ ಕೊಡಬೇಕು, ಅದನ್ನು ಓದಿ ಹೇಳಬೇಕು, ನಿಮ್ಮ ಮಾತು ಕೇಳಬೇಕು, ಸತ್ಯಾಸತ್ಯತೆ ವಿಚಾರಿಸಬೇಕು. ಮೊದಲೇ ಅಚ್ಚು ಹಾಕಿಸಿದ ನಮೂನೆಯಲ್ಲಿ ಹೆಸರು ಮಾತ್ರ ತುಂಬಿ ಸಹಿ ಹಾಕಿಸಿಕೊಳ್ಳುವುದು ವಿಚಾರಣೆಯಲ್ಲ. ಹತ್ತು ವರ್ಷದ ಹಿಂದೆ ಖುಲಾಸೆಯಾದ ಕೇಸಿಗೂ ಪ್ರತಿ ಡಿಸೆಂಬರಿನಲ್ಲಿ ನೋಟಿಸ್ ಬರುತ್ತಿದ್ದರೆ ಖುಲಾಸೆ ತೀರ್ಪಿನ ಪ್ರತಿಯೊಂದನ್ನು ಜೇಬಿನಲ್ಲೇ ಇಟ್ಟುಕೊಳ್ಳಿ.

ಮ್ಯಾಜಿಸ್ಟ್ರೇಟರ ಮುಂದೆ ಹೋದ ಮೇಲೆ ಎಷ್ಟು ದಿನ ಒಳಗಿಡಬಹುದು?

ಮನೆಯವರು ಅತಿ ಹೆಚ್ಚು ಕಳೆದುಕೊಳ್ಳುವುದು ಇಲ್ಲಿ. ಗಮನವಿಟ್ಟು ಓದಿ.

ಪೊಲೀಸ್ ವಶಕ್ಕೆ ಒಟ್ಟು 15 ದಿನ ಮಾತ್ರ ಕೊಡಬಹುದು. ಮೊದಲು ಅದು ಆರಂಭದ 15 ದಿನದೊಳಗೇ ಮುಗಿಯಬೇಕಿತ್ತು. ಈಗ 187ನೇ ಕಲಂ ಪ್ರಕಾರ ಪ್ರಕರಣಕ್ಕೆ ತಕ್ಕಂತೆ ಮೊದಲ 40 ಅಥವಾ 60 ದಿನಗಳಲ್ಲಿ ತುಂಡು ತುಂಡಾಗಿಯೂ ಪಡೆಯಬಹುದು. ನನ್ನ ಮಟ್ಟಿಗೆ ಇದು ಹಿಂದಕ್ಕೆ ಇಟ್ಟ ಹೆಜ್ಜೆ. ನ್ಯಾಯಾಂಗ ಬಂಧನಕ್ಕೆ ಹೋಗಿ ಉಸಿರು ಬಿಟ್ಟವನ ಕತ್ತಿನ ಮೇಲೆ ಮತ್ತೆ ಠಾಣೆಯ ಕತ್ತಿ ತೂಗುತ್ತಲೇ ಇರುತ್ತದೆ.

ತನಿಖೆ ಮುಗಿಸಿ ಆರೋಪಪಟ್ಟಿ ಹಾಕಲು ಗಡುವು 60 ದಿನ. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಅಪರಾಧವಾದರೆ 90 ದಿನ. ಯುಎಪಿಎ, ಅಂದರೆ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯ ಪ್ರಕರಣಗಳಲ್ಲಿ 180 ದಿನದವರೆಗೆ ವಿಸ್ತರಿಸಬಹುದು, ಪೊಲೀಸ್ ವಶವೂ 30 ದಿನದವರೆಗೆ ಹೋಗುತ್ತದೆ. ಗಡುವು ದಾಟಿಯೂ ಆರೋಪಪಟ್ಟಿ ಬರದಿದ್ದರೆ ಜಾಮೀನು ನಿಮ್ಮ ಹಕ್ಕು. ಕೇಸು ಎಷ್ಟು ಗಟ್ಟಿಯೆಂದು ಕೋರ್ಟ್ ನೋಡುವಂತಿಲ್ಲ.

ಆದರೆ ಕೇಳಬೇಕು. ಕೇಳದಿದ್ದರೆ ಸಿಗುವುದಿಲ್ಲ. 61ನೇ ದಿನ ನೀವು ಅರ್ಜಿ ಹಾಕದೆ 62ನೇ ದಿನ ಆರೋಪಪಟ್ಟಿ ಬಂದರೆ ಆ ಹಕ್ಕು ಹೋದಂತೆ. ಎಣಿಕೆ ಬಂಧನದ ದಿನದಿಂದಲ್ಲ, ರಿಮಾಂಡ್ ಆದ, ಅಂದರೆ ವಶದಲ್ಲಿಡಲು ಮ್ಯಾಜಿಸ್ಟ್ರೇಟರು ಮೊದಲು ಆದೇಶಿಸಿದ ದಿನದಿಂದ, ಮತ್ತು ಆ ದಿನವನ್ನೂ ಸೇರಿಸಿ. 28 ದಿನದ ಫೆಬ್ರುವರಿಯಲ್ಲಿ 3ನೇ ತಾರೀಕು ರಿಮಾಂಡ್ ಆದರೆ ಅರವತ್ತನೇ ದಿನ ಏಪ್ರಿಲ್ 3. ಏಪ್ರಿಲ್ 4ರ ಬೆಳಿಗ್ಗೆ ಕೋರ್ಟ್ ತೆರೆಯುವ ಹೊತ್ತಿಗೆ ಅರ್ಜಿ ಕೈಯಲ್ಲಿರಬೇಕು. ನನ್ನ ಕಚೇರಿಯ ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಣ್ಣಿಮೆಗಿಂತ ಈ ಕೆಂಪು ಸುತ್ತುಗಳೇ ಹೆಚ್ಚು.

ವಿಚಾರಣೆ ವರ್ಷಗಟ್ಟಲೆ ಎಳೆದರೆ 479ನೇ ಕಲಂ ಇದೆ. ಅಪರಾಧದ ಗರಿಷ್ಠ ಶಿಕ್ಷೆಯ ಅರ್ಧವನ್ನು ಜೈಲಿನಲ್ಲೇ ಕಳೆದವರಿಗೆ, ಮೊದಲ ಬಾರಿಯ ಆರೋಪಿಯಾದರೆ ಮೂರನೇ ಒಂದರಷ್ಟು ಕಳೆದವರಿಗೆ, ಬಿಡುಗಡೆಯ ದಾರಿ. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ ಮತ್ತು ಮೇಲೆ ಬೇರೆ ಕೇಸುಗಳೂ ಇರುವವರಿಗೆ ಇದು ಸಿಗುವುದಿಲ್ಲ.

ಜಾಮೀನು ಮಂಜೂರಾಗಿ ಹತ್ತು ದಿನವಾಯಿತು, ಶ್ಯೂರಿಟಿ ಸಿಗದೆ ಒಳಗೇ ಇದ್ದಾನೆ. ಏನು ಮಾಡುವುದು?

ಶ್ಯೂರಿಟಿಗೆ ಪಹಣಿ ಬೇಕು, ಪಹಣಿ ಇರುವವರ ಜಮೀನಿನ ಮೇಲೆ ಬ್ಯಾಂಕ್ ಸಾಲ, ಸಾಲವಿಲ್ಲದವರಿಗೆ ನಿಮ್ಮ ಮೇಲೆ ನಂಬಿಕೆಯಿಲ್ಲ. ಲೈನ್ ಮನೆಯಲ್ಲಿ ಬದುಕುವವರಿಗೆ ಪಹಣಿ ಎಲ್ಲಿಂದ ಬರಬೇಕು? ಜಾಮೀನು ಸಿಗುವಂಥ ಅಪರಾಧದಲ್ಲಿ ಬಂಧನವಾಗಿ ಒಂದು ವಾರವಾದರೂ ಶ್ಯೂರಿಟಿ ಕೊಡಲಾಗದವನನ್ನು ಬಡವನೆಂದೇ ಭಾವಿಸಿ ಅವನ ಸ್ವಂತ ಬಾಂಡಿನ ಮೇಲೆ ಬಿಡಬೇಕೆಂದು 478ನೇ ಕಲಂ ಹೇಳುತ್ತದೆ. ಉಳಿದ ಪ್ರಕರಣಗಳಲ್ಲಿ ಜಾಮೀನು ಸಿಕ್ಕ ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಜೈಲಿನ ಅಧಿಕಾರಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ಅವರು ತಿಳಿಸುವವರೆಗೆ ಕಾಯಬೇಡಿ, ನೀವೇ ಪ್ರಾಧಿಕಾರದ ಕಚೇರಿಗೆ ಹೋಗಿ. ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಇದೆ, ಸಹಾಯವಾಣಿ 15100. ಬಂಧನದಲ್ಲಿರುವ ಯಾರಿಗೇ ಆದರೂ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ.

ಗೂಂಡಾ ಕಾಯ್ದೆ ಹಾಕುತ್ತೇವೆ ಎಂದು ಹೆದರಿಸುತ್ತಾರೆ. ಅದರಲ್ಲಿ ಯಾವ ಮಿತಿಯೂ ಇಲ್ಲವೇ?

ಮಿತಿಯಿದೆ, ಆದರೆ 24 ಗಂಟೆಯ ಮಿತಿ ಇಲ್ಲಿ ಇಲ್ಲ. 1985ರ ಕರ್ನಾಟಕದ ಈ ಕಾಯ್ದೆ ಮತ್ತು 1980ರ ರಾಷ್ಟ್ರೀಯ ಭದ್ರತಾ ಕಾಯ್ದೆ ಮುನ್ನೆಚ್ಚರಿಕೆಯ ಬಂಧನದ, ಅಂದರೆ ಮುಂದೆ ಮಾಡಬಹುದಾದ ತಪ್ಪಿಗೆ ಈಗಲೇ ಒಳಗಿಡುವ ಕಾನೂನುಗಳು. ನಮ್ಮ ಎರಡೂ ಜಿಲ್ಲೆಗಳಲ್ಲಿ ಪೊಲೀಸ್ ಕಮಿಷನರೇಟ್ ಇಲ್ಲದಿರುವುದರಿಂದ ಆದೇಶಕ್ಕೆ ಸಹಿ ಹಾಕುವವರು ಜಿಲ್ಲಾಧಿಕಾರಿ. ಠಾಣೆಯ ಇನ್ಸ್‌ಪೆಕ್ಟರ್ ಹಾಕುವುದಲ್ಲ, ಅವರು ಪ್ರಸ್ತಾವ ಕಳುಹಿಸುವುದಷ್ಟೇ. ಗೂಂಡಾ ಕಾಯ್ದೆಯಲ್ಲಿ ಐದು ದಿನದೊಳಗೆ ಕಾರಣ ಕೊಡಬೇಕು, ಸರ್ಕಾರ 12 ದಿನದೊಳಗೆ ಒಪ್ಪಬೇಕು, ಮೂರು ವಾರದೊಳಗೆ ಬಂಧನಕ್ಕೆ ಸಾಕಷ್ಟು ಕಾರಣವಿದೆಯೇ ಎಂದು ನೋಡುವ ಸಲಹಾ ಮಂಡಳಿಯ ಮುಂದೆ ಇಡಬೇಕು. ಗರಿಷ್ಠ 12 ತಿಂಗಳು.

ಇಂಥ ಆದೇಶಗಳು ಹೈಕೋರ್ಟಿನಲ್ಲಿ ಬೀಳುವುದು ಬಹುತೇಕ ಸಣ್ಣದೆಂದು ಕಾಣುವ ಕಾರಣಕ್ಕೆ. ದಾಖಲೆ ಓದಲಾಗದ ಜೆರಾಕ್ಸ್, ಬಂಧಿತನಿಗೆ ಬಾರದ ಭಾಷೆ, ಮನವಿ ಕೊಡಬಹುದೆಂದು ತಿಳಿಸದಿರುವುದು, ಕೊಟ್ಟ ಮನವಿಯನ್ನು ವಾರಗಟ್ಟಲೆ ಕಡತದಲ್ಲಿ ಮಲಗಿಸಿದ್ದು. ಆದ್ದರಿಂದ ಕೊಟ್ಟ ಕಾಗದದ ಕಟ್ಟನ್ನು ಒಂದು ಹಾಳೆಯೂ ತಪ್ಪದಂತೆ ವಕೀಲರಿಗೆ ಮುಟ್ಟಿಸಿ.

ಸರ್ಕಾರ ಮನಸ್ಸು ಮಾಡಿದರೆ ಈ ಮಿತಿಗಳೆಲ್ಲ ಎಲ್ಲಿ ನಿಲ್ಲುತ್ತವೆ?

ಒಮ್ಮೆ ನಿಲ್ಲಲಿಲ್ಲ. 1975ರ ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬೆಂಗಳೂರಿನಲ್ಲೇ ಬಂಧನಕ್ಕೊಳಗಾದರು. ಆಗ ಹೊಳೆನರಸೀಪುರದ ಶಾಸಕರಾಗಿದ್ದ ದೇವೇಗೌಡರೂ ಜೈಲು ಕಂಡರು. 1976ರಲ್ಲಿ ಸುಪ್ರೀಂ ಕೋರ್ಟ್, ತುರ್ತು ಪರಿಸ್ಥಿತಿಯಲ್ಲಿ ಬಂಧನವನ್ನು ಪ್ರಶ್ನಿಸುವ ಹಕ್ಕೇ ಇಲ್ಲ ಎಂದಿತು. ಐವರಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. 1978ರ 44ನೇ ತಿದ್ದುಪಡಿ ಬಂದ ಮೇಲೆ ತುರ್ತು ಪರಿಸ್ಥಿತಿಯಲ್ಲೂ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯ ಕಾಯುವ 21ನೇ ವಿಧಿಯನ್ನು ಅಮಾನತಿನಲ್ಲಿಡುವಂತಿಲ್ಲ. ಆ ಹಳೆಯ ತೀರ್ಪನ್ನು ಸುಪ್ರೀಂ ಕೋರ್ಟ್ ತಾನೇ ತಪ್ಪೆಂದು ತಳ್ಳಿಹಾಕಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ್ದ ಪ್ರಕರಣದಲ್ಲಿ.

ಅದೇ ತಿದ್ದುಪಡಿಯಲ್ಲಿ, ಸಲಹಾ ಮಂಡಳಿಯ ಒಪ್ಪಿಗೆಯಿಲ್ಲದೆ ಮುನ್ನೆಚ್ಚರಿಕೆಯ ಬಂಧನದಲ್ಲಿಡುವ ಮೂರು ತಿಂಗಳನ್ನು ಎರಡಕ್ಕೆ ಇಳಿಸುವ ಮಾತೂ ಇತ್ತು. ಸಂಸತ್ತು ಒಪ್ಪಿ ಇಷ್ಟು ವರ್ಷವಾದರೂ ಯಾವ ಸರ್ಕಾರವೂ ಆ ಭಾಗವನ್ನು ಜಾರಿಗೆ ತಂದಿಲ್ಲ. ಪಕ್ಷ ಯಾವುದಾದರೂ ಈ ಒಂದು ವಿಷಯದಲ್ಲಿ ಒಮ್ಮತವಿದೆ.

ನಮ್ಮೂರಿನವರಿಗೆ ಇನ್ನೊಂದು ನೆನಪು. ಜನರನ್ನು ಒಳಗೆ ಹಾಕಿಸಿದ್ದ ಇಂದಿರಾ ಗಾಂಧಿಯವರನ್ನೇ 1977ರ ಅಕ್ಟೋಬರ್ 3ರಂದು ಸಿಬಿಐ ಬಂಧಿಸಿತು. ವಶದಲ್ಲಿಡಲು ಆಧಾರವಿಲ್ಲವೆಂದು ಮ್ಯಾಜಿಸ್ಟ್ರೇಟರು ಮರುದಿನವೇ ಬಿಟ್ಟರು. 1978ರ ನವೆಂಬರಿನಲ್ಲಿ ಅವರು ಚಿಕ್ಕಮಗಳೂರಿನಿಂದ ಗೆದ್ದರು. ಡಿಸೆಂಬರಿನಲ್ಲಿ ಲೋಕಸಭೆ ಹಕ್ಕುಚ್ಯುತಿಗಾಗಿ ಅವರನ್ನು ಸದಸ್ಯತ್ವದಿಂದ ತೆಗೆದು ತಿಹಾರ್ ಜೈಲಿಗೆ ಕಳುಹಿಸಿತು. ಆ ಬಂಧನಕ್ಕೂ ಮಿತಿಯಿತ್ತು: ಅಧಿವೇಶನ ಮುಗಿಯುವವರೆಗೆ ಮಾತ್ರ. ಒಂದು ವಾರದಲ್ಲಿ ಹೊರಬಂದರು.

ತೋಟದಲ್ಲಿರುವ ಅಸ್ಸಾಂ ಕಾರ್ಮಿಕರನ್ನು ದಾಖಲೆ ಪರಿಶೀಲನೆಗೆಂದು ಕರೆದೊಯ್ದರೆ?

ಭಾರತದ ಯಾವ ರಾಜ್ಯದವರೂ ಇಲ್ಲಿ ದುಡಿಯಬಹುದು. ಅದಿರಲಿ, 21 ಮತ್ತು 22ನೇ ವಿಧಿಗಳು ‘ನಾಗರಿಕ’ ಎನ್ನುವುದಿಲ್ಲ, ‘ವ್ಯಕ್ತಿ’ ಎನ್ನುತ್ತವೆ. ಶತ್ರು ದೇಶದ ಪ್ರಜೆಗೆ ಮತ್ತು ಮುನ್ನೆಚ್ಚರಿಕೆಯ ಬಂಧನಕ್ಕೆ ಮಾತ್ರ 24 ಗಂಟೆಯ ನಿಯಮದಿಂದ ವಿನಾಯಿತಿ. ಆಧಾರ್ ಕಾರ್ಡಿನ ಮೇಲಿನ ಅಕ್ಷರ ಓದಲು ಬರಲಿಲ್ಲವೆಂದು ಇಪ್ಪತ್ತು ಜನರನ್ನು ಕಲ್ಯಾಣ ಮಂಟಪದಲ್ಲಿ ಕೂಡಿಹಾಕುವಂತಿಲ್ಲ. ಬಂಧಿಸಿದರೆ ಕಾರಣವನ್ನು ಅವರ ಭಾಷೆಯಲ್ಲೇ ಹೇಳಬೇಕು. ತೋಟದ ರೈಟರ್ ಹಿಂದಿಯಲ್ಲಿ ಕೂಗಿ ಹೇಳಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ.

ಇದೇ ಜಾಗದಲ್ಲಿ ಮಾಲೀಕರಿಗೂ ಒಂದು ಮಾತು. ಮುಂಗಡ ತೀರಿಸಿಲ್ಲವೆಂದು ಕಾರ್ಮಿಕರನ್ನು ಕೋಣೆಯಲ್ಲಿ ಕೂಡಿಹಾಕುವುದು ಅಪರಾಧ. ಕಣ್ಣೆದುರೇ ಜಾಮೀನುರಹಿತ ಗಂಭೀರ ಅಪರಾಧ ಮಾಡಿದವನನ್ನು ಹಿಡಿಯಬಹುದು, ಆದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು.

ಎಲ್ಲಿದ್ದಾನೆಂದೇ ತಿಳಿಯುತ್ತಿಲ್ಲ. ಠಾಣೆಯವರು ‘ನಮ್ಮಲ್ಲಿಲ್ಲ’ ಎನ್ನುತ್ತಾರೆ.

ಮೊದಲು 112ಕ್ಕೆ ಕರೆ ಮಾಡಿ, ಕರೆ ದಾಖಲಾಗುತ್ತದೆ. ಎಸ್‌ಪಿ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಮೊಹರು ಪಡೆಯಿರಿ. ದಾರಿ ಕಾಣದಿದ್ದರೆ ಹೇಬಿಯಸ್ ಕಾರ್ಪಸ್, ಅಂದರೆ ಆ ಮನುಷ್ಯನನ್ನು ತಂದು ನಿಲ್ಲಿಸಿ ಎಂದು ಹೈಕೋರ್ಟನ್ನು ಕೇಳುವ ಅರ್ಜಿ. ನಮ್ಮೆರಡೂ ಜಿಲ್ಲೆಗಳಿಗೆ ಬೆಂಗಳೂರಿನ ಪೀಠ. ತಾಯಿ, ಹೆಂಡತಿ, ಸ್ನೇಹಿತ ಯಾರು ಬೇಕಾದರೂ ಹಾಕಬಹುದು. ಅರ್ಜಿಯ ಸುದ್ದಿ ತಿಳಿದ ಮೇಲೆ ಅದೇ ಸಂಜೆ ‘ನಮ್ಮಲ್ಲಿಲ್ಲ’ದವನು ಮನೆಗೆ ಬಂದದ್ದನ್ನೂ ಕಂಡಿದ್ದೇನೆ. ಠಾಣೆಗಳಲ್ಲಿ ಸಿಸಿಟಿವಿ ಇರಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ದೃಶ್ಯ ಉಳಿಸಿಡುವಂತೆ ಮೊದಲ ದಿನವೇ ಬರೆದು ಕೇಳಿ, ತಿಂಗಳುಗಟ್ಟಲೆ ಬಿಟ್ಟು ಕೇಳಿದರೆ ‘ಅಳಿಸಿಹೋಗಿದೆ’ ಎಂಬ ಉತ್ತರ ಸಿದ್ಧವಿರುತ್ತದೆ.

ಅಕ್ರಮವಾಗಿ ಇಟ್ಟುಕೊಂಡಿದ್ದಕ್ಕೆ ಪರಿಹಾರ ಸಿಗುತ್ತದೆಯೇ?

ಸಿಗುತ್ತದೆ, ತಡವಾಗಿ. ಖುಲಾಸೆಯಾದ ಮೇಲೂ 14 ವರ್ಷ ಬಿಹಾರದ ಜೈಲಿನಲ್ಲಿ ಕೊಳೆತ ರುದುಲ್ ಸಾಹ್ ಎಂಬಾತನಿಗೆ 1983ರಲ್ಲಿ ಸುಪ್ರೀಂ ಕೋರ್ಟ್ ಕೊಡಿಸಿದ್ದು ಒಟ್ಟು 35,000 ರೂಪಾಯಿ. ಹಣ ಅಲ್ಪ, ಆದರೆ ಸರ್ಕಾರ ತೆರಬೇಕೆಂಬ ದಾರಿ ತೆರೆದದ್ದು ಆ ತೀರ್ಪು.

ಠಾಣೆಯಲ್ಲಿ ಕಾನೂನು ಮಾತನಾಡಿದರೆ ಅವರಿಗೆ ಇನ್ನಷ್ಟು ಸಿಟ್ಟು ಬರುವುದಿಲ್ಲವೇ?

ಬರುತ್ತದೆ. ಅದಕ್ಕೇ ಕಲಂ ಸಂಖ್ಯೆ ಹೇಳಲು ಹೋಗಬೇಡಿ, ಧ್ವನಿ ಏರಿಸಬೇಡಿ, ಕುಡಿದವರನ್ನು ಜೊತೆಗೆ ಕರೆದೊಯ್ಯಬೇಡಿ. ಇಬ್ಬರು ಹೋಗಿ, ಒಬ್ಬರು ಮಾತನಾಡಿ. ‘ಸಾರ್, ಎಷ್ಟು ಹೊತ್ತಿಗೆ ಕರೆತಂದಿರಿ, ಯಾವ ಕೇಸು, ಯಾವಾಗ ಕೋರ್ಟಿಗೆ ಕರೆದೊಯ್ಯುತ್ತೀರಿ’ ಎಂಬ ಮೂರು ಪ್ರಶ್ನೆ ಸಾಕು. ಉತ್ತರವನ್ನು ಅವರೆದುರೇ ಚೀಟಿಯಲ್ಲಿ ಬರೆದುಕೊಳ್ಳಿ. ಪೆನ್ನು ಮನೆಯಿಂದಲೇ ಒಯ್ಯಿರಿ.